ಕಣಗಿನಹಾಳದ ಹೊಣೆ, ವಿಧಾನಸೌಧದ ಪಾಲು

ಗದಗ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 24ರಂದು. ಧಾರವಾಡದಿಂದ ಬೇರೆಯಾಗಬೇಕೆಂಬ ಬೇಡಿಕೆ ಅದಕ್ಕಿಂತ ಹಳೆಯದು. ಆದರೆ ಅದನ್ನು ಈಡೇರಿಸಿದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯ ಕುರ್ಚಿಗೆ ಬಂದ ಬಗೆಯನ್ನು ನೆನೆದರೆ, ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಚರಿತ್ರೆಯಲ್ಲೂ ದೆಹಲಿಯ ಒಂದು ಸಮ್ಮಿಶ್ರ ಸರ್ಕಾರದ ನೆರಳು ಕಾಣುತ್ತದೆ. 1996ರ ಲೋಕಸಭಾ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. 13 ಪಕ್ಷಗಳು ಕೂಡಿ ಸಂಯುಕ್ತ ರಂಗ ಕಟ್ಟಿದವು. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ದೇವೇಗೌಡರು ಜೂನ್ 1ರಂದು ಪ್ರಧಾನಿಯಾದರು. ಅವರು ಬಿಟ್ಟ ಜಾಗಕ್ಕೆ ಪಟೇಲರು ಬಂದರು.

ಆ ರಂಗಕ್ಕೆ ಕಾಂಗ್ರೆಸ್ಸಿನದು ಹೊರಗಿನ ಬೆಂಬಲ. ಮಂತ್ರಿಗಿರಿ ಬೇಡ, ಬೆಂಬಲ ಮಾತ್ರ ಕೊಡುತ್ತೇವೆ ಎಂಬ ಈ ಏರ್ಪಾಡು ಕೇಳಲು ಉದಾರ. ಆದರೆ ಅದರಲ್ಲಿ ಹೊಣೆ ಎಂಬುದೇ ಇಲ್ಲ. ಹತ್ತು ತಿಂಗಳಿಗೆ ಕಾಂಗ್ರೆಸ್ ಕೈಬಿಟ್ಟಿತು. 1997ರ ಏಪ್ರಿಲ್ 11ರಂದು ದೇವೇಗೌಡರು ವಿಶ್ವಾಸಮತದಲ್ಲಿ ಸೋತರು. ಗದಗ ಜಿಲ್ಲೆಯಾಗುವ ಹೊತ್ತಿಗೆ ಅವರು ಮಾಜಿ ಪ್ರಧಾನಿ.

ಕರ್ನಾಟಕಕ್ಕೂ ಹೊರಗಿನ ಬೆಂಬಲ ಹೊಸತಲ್ಲ. 1983ರಲ್ಲಿ 224 ಸ್ಥಾನಗಳಲ್ಲಿ 95ನ್ನಷ್ಟೇ ಗೆದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಒಂದು ಕಡೆ ಬಿಜೆಪಿ, ಇನ್ನೊಂದು ಕಡೆ ಕಮ್ಯುನಿಸ್ಟರು ಆ ಸರ್ಕಾರಕ್ಕೆ ಹೆಗಲು ಕೊಟ್ಟಿದ್ದರು. ಎದುರಾಳಿ ಪಕ್ಷಗಳು ನಿಜವಾಗಿ ಒಂದೇ ಸಂಪುಟದಲ್ಲಿ ಕುಳಿತದ್ದನ್ನು ನೋಡಲು ರಾಜ್ಯದ ಜನ 2004ರವರೆಗೆ ಕಾಯಬೇಕಾಯಿತು.

ಆ ವರ್ಷ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜನತಾದಳಕ್ಕೆ (ಎಸ್) 58 ಸ್ಥಾನ. ಬೇಕಾದದ್ದು 113. ಹೆಚ್ಚು ಗೆದ್ದವರು ಹೊರಗುಳಿದರು, ಉಳಿದಿಬ್ಬರು ಒಂದಾದರು. ಮೇ 28ರಂದು ಕಾಂಗ್ರೆಸ್ಸಿನ ಧರ್ಮಸಿಂಗ್ ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದರು. ಈ ಸಂಸಾರ ಮುರಿದದ್ದು 2006ರಲ್ಲಿ. ಎಚ್.ಡಿ. ಕುಮಾರಸ್ವಾಮಿ ದಳದ ಬಹುಪಾಲು ಶಾಸಕರೊಡನೆ ಬಿಜೆಪಿಯತ್ತ ನಡೆದು, ಫೆಬ್ರುವರಿ 3ರಂದು ತಾವೇ ಮುಖ್ಯಮಂತ್ರಿಯಾದರು, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ. ಒಪ್ಪಂದ ಸರಳವಾಗಿತ್ತು. ಉಳಿದ 40 ತಿಂಗಳಲ್ಲಿ ಮೊದಲ 20 ಇವರಿಗೆ, ಮುಂದಿನ 20 ಅವರಿಗೆ. ಕ್ರಿಕೆಟ್ಟಿನ ಹೆಸರನ್ನೇ ಕಡ ತಂದು ಜನ ಅದನ್ನು 'ಟ್ವೆಂಟಿ-ಟ್ವೆಂಟಿ' ಎಂದರು.

ಆ ಸರ್ಕಾರ ಕೆಲಸವನ್ನೇ ಮಾಡಲಿಲ್ಲ ಎನ್ನಲಾಗದು. ಭಾಗ್ಯಲಕ್ಷ್ಮಿ ಯೋಜನೆ ಬಂತು, ಹೈಸ್ಕೂಲು ಮಕ್ಕಳಿಗೆ ಸೈಕಲ್ ಬಂತು. 2006ರ ಸೆಪ್ಟೆಂಬರಿನಲ್ಲಿ ಬೆಳಗಾವಿಯಲ್ಲಿ ಮೊದಲ ಬಾರಿಗೆ ವಿಧಾನಮಂಡಲದ ಅಧಿವೇಶನ ನಡೆಯಿತು. ಉತ್ತರ ಕರ್ನಾಟಕದವರು ಅದನ್ನು ಮರೆಯುವ ಹಾಗಿಲ್ಲ. ಪಾಲಿನ ಹೊಲದಲ್ಲಿ ಬೆಳೆ ಬಾರದೆ ಇರುವುದಿಲ್ಲ. ಜಗಳ ಏಳುವುದು ರಾಶಿ ಮಾಡುವಾಗ. 2007ರ ಅಕ್ಟೋಬರ್ 3ಕ್ಕೆ 20 ತಿಂಗಳು ತುಂಬಿತು. ಕುರ್ಚಿ ಮಾತ್ರ ಖಾಲಿಯಾಗಲಿಲ್ಲ. ಬಿಜೆಪಿ ಬೆಂಬಲ ಹಿಂದೆಗೆದುಕೊಂಡಿತು, ಅಕ್ಟೋಬರ್ 8ರಂದು ಕುಮಾರಸ್ವಾಮಿ ರಾಜೀನಾಮೆ ಕೊಟ್ಟರು, ರಾಷ್ಟ್ರಪತಿ ಆಳ್ವಿಕೆ ಬಂತು. ಮತ್ತೆ ಮಾತುಕತೆ, ಮತ್ತೆ ಒಪ್ಪಿಗೆ. ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣ ಮಾಡಿದರು. ದಳ ಹೊಸ ಷರತ್ತುಗಳ ಪಟ್ಟಿ ಮುಂದಿಟ್ಟಿತು. ಏಳನೆಯ ದಿನ, ವಿಶ್ವಾಸಮತಕ್ಕೆ ಮೊದಲೇ, ಅವರೂ ಕೆಳಗಿಳಿದರು.

ಇಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳ ನೆನಪಾಗುತ್ತದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದ ಊರು ಅದು. 1904ರ ಕಾಯದೆಯ ಪ್ರಕಾರ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆಯ ನಿಯಮವಿತ್ತು. ಅಂದರೆ ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯಿಂದ ಉತ್ತರ ಹೇಳಬೇಕು. ನೆರೆಯವನು ತೀರಿಸದಿದ್ದರೆ ನನ್ನ ಹೊಲಕ್ಕೆ ಕುತ್ತು ಎಂಬ ಭಯವೇ ನೆರೆಯವನ ಮೇಲೆ ಕಣ್ಣಿಡುವಂತೆ ಮಾಡುತ್ತಿತ್ತು. ಪಕ್ಷಗಳ ಕೂಟಕ್ಕೆ ಇಂಥ ಕಾಯದೆಯಿಲ್ಲ. 20 ತಿಂಗಳ ಒಪ್ಪಂದ ಮುರಿಯಿತೆಂದು ಯಾವ ಕೋರ್ಟಿಗೂ ಹೋಗುವಂತಿರಲಿಲ್ಲ. ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು ಹೇಳಿದ್ದು, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದು. ಸದನ ತಲೆ ಎಣಿಸಬಲ್ಲದು. ಕೊಟ್ಟ ಮಾತನ್ನು ಜಾರಿ ಮಾಡಿಸುವುದು ಅದರ ಕೆಲಸವಲ್ಲ.

ಜರ್ಮನಿಯವರು ಇದಕ್ಕೆ ಬೇರೆ ದಾರಿ ಹಿಡಿದಿದ್ದಾರೆ. 2017ರ ಸೆಪ್ಟೆಂಬರಿನ ಚುನಾವಣೆಯ ನಂತರ ಅಲ್ಲಿ ಸರ್ಕಾರವಾದದ್ದು 2018ರ ಮಾರ್ಚಿನಲ್ಲಿ. ನೂರಾರು ಪುಟಗಳ ಒಪ್ಪಂದ ಬರೆದು, ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಅದನ್ನು ತನ್ನ ಸದಸ್ಯರೆಲ್ಲರ ಮತಕ್ಕೆ ಹಾಕಿತು. ಮುಂದಿನವರನ್ನು ಆರಿಸದೆ ಈಗಿನ ಚಾನ್ಸೆಲರರನ್ನು ಅವಿಶ್ವಾಸದಿಂದ ಇಳಿಸಲು ಅವರ ಸಂವಿಧಾನ ಬಿಡುವುದಿಲ್ಲ.

ಅದೇ 2018ರಲ್ಲಿ ನಮ್ಮಲ್ಲಿ ಮೇ 15ರ ಮತ ಎಣಿಕೆ ಮುಗಿಯುವ ಮೊದಲೇ ಮೈತ್ರಿ ಘೋಷಣೆಯಾಯಿತು. 104 ಗೆದ್ದ ಬಿಜೆಪಿಯ ಯಡಿಯೂರಪ್ಪ ಮೂರು ದಿನದಲ್ಲಿ ರಾಜೀನಾಮೆಯಿತ್ತ ಮೇಲೆ, ಕಾಂಗ್ರೆಸ್ ಬೆಂಬಲದಿಂದ ಮೇ 23ರಂದು ಕುಮಾರಸ್ವಾಮಿ ಎರಡನೆಯ ಸಲ ಮುಖ್ಯಮಂತ್ರಿಯಾದರು. ಹಿಂದಿನ ಪಾಠವೋ ಏನೋ, ಈ ಸಲ ಸಿದ್ದರಾಮಯ್ಯನವರ ಅಧ್ಯಕ್ಷತೆಯಲ್ಲಿ ಸಮನ್ವಯ ಸಮಿತಿಯಿತ್ತು, ಐದು ವರ್ಷವೂ ಒಬ್ಬರೇ ಮುಖ್ಯಮಂತ್ರಿ ಎಂಬ ಒಪ್ಪಂದವಿತ್ತು. ಖಾತೆಗಳ ಹಂಚಿಕೆಯಲ್ಲಿ ಮಾತ್ರ ಎಲ್ಲರಿಗೂ ಜಾಗ ಸಾಲಲಿಲ್ಲ. ಗದಗ ಜಿಲ್ಲೆಯ ನಾಲ್ಕು ಸ್ಥಾನಗಳಲ್ಲಿ ಮೂರು ಬಿಜೆಪಿಯ ಪಾಲಾಗಿದ್ದವು. ಗೆದ್ದ ಒಬ್ಬ ಕಾಂಗ್ರೆಸ್ಸಿಗ ಎಚ್.ಕೆ. ಪಾಟೀಲರು, ಅದಕ್ಕೆ ಮೊದಲು ಐದು ವರ್ಷ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದವರು, ಸಂಪುಟದ ಹೊರಗುಳಿದರು.

ಜುಲೈ 5ರ ಬಜೆಟ್ಟಿನಲ್ಲಿ 34 ಸಾವಿರ ಕೋಟಿ ರೂಪಾಯಿಯ ಬೆಳೆ ಸಾಲ ಮನ್ನಾ ಘೋಷಣೆಯಾಯಿತು. ಇಂಥ ಯೋಜನೆ ಒಂದೇ ವರ್ಷದಲ್ಲಿ ಮುಗಿಯುವಂಥದಲ್ಲ. ಬ್ಯಾಂಕು, ಸಹಕಾರ ಸಂಘ, ತಹಸೀಲ್ದಾರ್ ಕಚೇರಿಗಳ ನಡುವೆ ಕಾಗದ ಓಡಾಡಬೇಕು. ಶಿರಹಟ್ಟಿಯ ರೈತನಿಗೆ ವಿಧಾನಸೌಧದ ಜಗಳ ದೂರದ್ದಲ್ಲ ಎನ್ನುವುದು ಇದಕ್ಕೇ. ಸರ್ಕಾರ ನಡುಗಿದಾಗ ಅವನ ಕಾಗದ ಎಲ್ಲಿತ್ತೋ ಅಲ್ಲೇ ಇರುತ್ತದೆ.

1985ರ ಪಕ್ಷಾಂತರ ನಿಷೇಧ ಕಾಯದೆ ಶಾಸಕ ಪಕ್ಷ ಬಿಡುವುದನ್ನು ತಡೆಯುತ್ತದೆ, ಶಾಸಕ ಸ್ಥಾನವನ್ನೇ ಬಿಡುವುದನ್ನು ತಡೆಯಲಾರದು. 2019ರ ಜುಲೈನಲ್ಲಿ ನಡೆದದ್ದು ಅದೇ. ಒಬ್ಬರ ಹಿಂದೆ ಒಬ್ಬರು ರಾಜೀನಾಮೆ ಬರೆದರು. 23ರಂದು ವಿಶ್ವಾಸಮತದ ಪರ 99, ವಿರುದ್ಧ 105. ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತಾದರೂ ಮತ್ತೆ ಸ್ಪರ್ಧಿಸಲು ಬಿಟ್ಟಿತು. ಡಿಸೆಂಬರಿನ ಉಪಚುನಾವಣೆಯ 15 ಕ್ಷೇತ್ರಗಳಲ್ಲಿ 12ನ್ನು ಬಿಜೆಪಿ ಗೆದ್ದಿತು.

2023ರ ಸೆಪ್ಟೆಂಬರಿನಲ್ಲಿ ಬಿಜೆಪಿ ಮತ್ತು ದಳ ಮತ್ತೆ ಜತೆಯಾದವು. ಮರುವರ್ಷ ಕುಮಾರಸ್ವಾಮಿ ಕೇಂದ್ರ ಮಂತ್ರಿಯಾದರು. ಗದಗ, ಶಿರಹಟ್ಟಿ, ರೋಣ ಕ್ಷೇತ್ರಗಳು ಸೇರಿರುವ ಹಾವೇರಿ ಲೋಕಸಭಾ ಸ್ಥಾನದಿಂದ ಆ ಮೈತ್ರಿಕೂಟದ ಬಿಜೆಪಿ ಅಭ್ಯರ್ಥಿಯಾಗಿ ಗೆದ್ದವರು ಬಸವರಾಜ ಬೊಮ್ಮಾಯಿ. ಬಹುಮತವನ್ನು ಸದನದಲ್ಲಿ ಎಣಿಸಿ ಎಂಬ ತೀರ್ಪಿಗೆ ಹೆಸರು ಕೊಟ್ಟ ಎಸ್.ಆರ್. ಬೊಮ್ಮಾಯಿಯವರ ಮಗ.