ಕನ್ನಡ ಸಾಮಾಜಿಕ ಕಾದಂಬರಿಯ ಓದು: ಇತಿಹಾಸ

ಕನ್ನಡದಲ್ಲಿ ಕಾದಂಬರಿ ಬರೆದವರ ಚರಿತ್ರೆ ಸಂಪುಟಗಟ್ಟಲೆ ಇದೆ. ಓದಿದವರ ಚರಿತ್ರೆ ಚೂರುಚೂರಾಗಿ ಮಾತ್ರ ಸಿಗುತ್ತದೆ. ತಮ್ಮದೇ ಕಾಲದ ಬದುಕಿನ ಕಥೆಗಳು ಯಾರ ಕೈಗೆ, ಯಾವ ದಾರಿಯಲ್ಲಿ ಸೇರಿದವು ಎಂಬುದು ಇಲ್ಲಿನ ವಿಷಯ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (ಮಂಗಳೂರು, 1899) ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂಬುದು ರೂಢಿಯ ಮಾತು. 1892ರ ‘ಸೂರ್ಯಕಾಂತ’ದ ಪರವಾಗಿಯೂ ವಾದವಿದೆ. ಮೊದಲು ಯಾವುದು ಎಂಬ ಈ ಚರ್ಚೆಯಲ್ಲಿ ಓದುಗರ ಪ್ರಶ್ನೆ ಹಿಂದೆ ಸರಿದಿದೆ. ವಿಧವಾ ವಿವಾಹದ ಕಥೆ ಹೇಳಿದ ‘ಇಂದಿರಾಬಾಯಿ’, ಪುರಾಣದವರನ್ನು ಬಿಟ್ಟು ನೆರೆಮನೆಯವರನ್ನು ಓದುಗರ ಮುಂದೆ ತಂದು ನಿಲ್ಲಿಸಿತು. ಓದುಗರನ್ನು ಹುಡುಕಿಕೊಂಡು ಹೋದವರು ಕಾದಂಬರಿಕಾರ ಗಳಗನಾಥರು: ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕಟ್ಟಿತು. ಕಾದಂಬರಿಕಾರ ಅನಕೃ ಅವರ ಕಾಲದಲ್ಲಿ ಕಾದಂಬರಿಗಿದ್ದ ಜನಪ್ರಿಯತೆಯ ಬಗ್ಗೆ ಸಾಕಷ್ಟು ಬರವಣಿಗೆ ಬಂದಿದೆ.

ಸಾಹಿತ್ಯ ಚರಿತ್ರೆಗೆ 1965 ಎಂದರೆ ಅನಂತಮೂರ್ತಿಯವರ ‘ಸಂಸ್ಕಾರ’, ನವ್ಯದ ಉಬ್ಬರ. ಓದಿನ ಚರಿತ್ರೆಯಲ್ಲಿ ಅದೇ ವರ್ಷದ ಇನ್ನೆರಡು ಸಂಗತಿಗಳಿಗೂ ಅಷ್ಟೇ ತೂಕವಿದೆ: ‘ಸುಧಾ’ ವಾರಪತ್ರಿಕೆಯ ಆರಂಭ ಮತ್ತು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. ವಾರಪತ್ರಿಕೆಯ ಧಾರಾವಾಹಿ ಕಾದಂಬರಿಯ ಮುಂದಿನ ಕಂತಿಗೆ ಕಾಯುವುದು ಅನೇಕ ಮನೆಗಳ ವಾರದ ಲೆಕ್ಕಕ್ಕೆ ಸೇರಿತು.

ದಾಖಲೆ ಅತ್ಯಂತ ತೆಳುವಾಗಿರುವುದು ಸರ್ಕ್ಯುಲೇಟಿಂಗ್ ಲೈಬ್ರರಿಗಳ ಬಗ್ಗೆ. ಬಡಾವಣೆಯ ಮೂಲೆಯಲ್ಲಿ ಒಂದು ಕೋಣೆ, ಸಣ್ಣ ಠೇವಣಿ, ಪುಸ್ತಕಕ್ಕೆ ಕೆಲವೇ ಪೈಸೆಯ ಬಾಡಿಗೆ. ಆ ಪ್ರತಿಗಳು ಹಳೆಪುಸ್ತಕದ ಅಂಗಡಿಗಳಲ್ಲಿ ಇಂದಿಗೂ ಕಣ್ಣಿಗೆ ಬೀಳುತ್ತವೆ: ದಪ್ಪ ರಟ್ಟು ಹಾಕಿ ಹೊಲಿದ ಬೆನ್ನು, ಅದರ ಮೇಲೆ ಅಂಟಿಸಿದ ನಂಬರಿನ ಚೀಟಿ, ಒಳಗೆ ತಾರೀಖುಗಳ ಸಾಲು, ಅಂಚಿನಲ್ಲಿ ಪೆನ್ಸಿಲ್ಲಿನಿಂದ ನಾಯಕನಿಗೆ ಬೈದು ಬರೆದ ಒಂದು ಮಾತು. ಹೀಗೆ ಓದಿದವರಲ್ಲಿ ಗೃಹಿಣಿಯರು ಬಹಳ. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಪುಸ್ತಕಗಳು ಕೈಯಿಂದ ಕೈಗೆ ದಾಟಿದವು.

ಈ ಓದನ್ನು ಬರೀ ಹೊತ್ತು ಕಳೆಯುವ ಓದು ಎಂದು ವಿಮರ್ಶೆ ಬಹುಕಾಲ ಬದಿಗಿಟ್ಟಿತು. ಸ್ತ್ರೀವಾದಿ ವಿಮರ್ಶಕರು ಆ ಮಾತನ್ನು ಒಪ್ಪಿಲ್ಲ. ಅವರ ಪಕ್ಷವೇ ಗಟ್ಟಿ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ (1928–1963) ‘ಶರಪಂಜರ’ದಲ್ಲಿ ಬರೆದದ್ದು, ಮನೋರೋಗ ವಾಸಿಯಾಗಿ ಮನೆಗೆ ಮರಳಿದರೂ ಮನೆಯವರು ಮೊದಲಿನಂತೆ ಒಪ್ಪಿಕೊಳ್ಳದ ಹೆಂಗಸಿನ ಪಾಡು. ಅಡುಗೆಮನೆಯಲ್ಲಿ ಬಾಯಿಬಿಟ್ಟು ಆಡಲಾಗದ ವಿಷಯವನ್ನು ಆ ಪುಸ್ತಕ ಆಡಿತು. ಪುಟ್ಟಣ್ಣ ಕಣಗಾಲರ ಸಿನಿಮಾಗಳಿಂದ ತ್ರಿವೇಣಿಯವರ ಕಥೆಗಳು ಅಕ್ಷರ ಬಾರದವರನ್ನೂ ಮುಟ್ಟಿದವು.

ಮನೆಮನೆಗೆ ಟಿ.ವಿ. ಧಾರಾವಾಹಿ ಬಂದ ಮೇಲೆ ಬಾಡಿಗೆ ಲೈಬ್ರರಿಗಳು ಒಂದೊಂದಾಗಿ ಮುಚ್ಚಿದವು. ಈಚಿನ ತಿರುವು ಅನುವಾದದ್ದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೇರೂರ್ ಅವರ ಇಂಗ್ಲಿಷಿನಲ್ಲಿ ಹೊರದೇಶದ ಓದುಗರನ್ನು ತಲುಪಿತು. ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ (ಅನುವಾದಕಿ ದೀಪಾ ಭಾಸ್ತಿ) 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಇತ್ತ ಇ–ಪುಸ್ತಕ, ಕೇಳುಪುಸ್ತಕಗಳೂ ಬಂದಿವೆ. ಹೊರನಾಡಿನಲ್ಲಿ ಬೆಳೆದು ಕನ್ನಡ ಮಾತು ಬಂದರೂ ಲಿಪಿ ಬಾರದವರು ಈಗ ಕಾದಂಬರಿಯನ್ನು ಕಿವಿಯಿಂದ ಓದಬಹುದು.