ಫ್ಯಾನಿನ ಸದ್ದು, ಬೇಸಿಗೆಯ ಲೆಕ್ಕ

ಗೇಮಿಂಗ್ ಕಂಪ್ಯೂಟರ್ ಸದ್ದು ಮಾಡಿದರೆ ಎಲ್ಲರೂ ಮೊದಲು ಬೈಯುವುದು ಫ್ಯಾನನ್ನು. ಆದರೆ ನಾಲ್ಕು ದಶಕಗಳ ಹಾದಿಯನ್ನು ಹಿಂತಿರುಗಿ ನೋಡಿದರೆ, ಎಂಜಿನಿಯರುಗಳ ಗುದ್ದಾಟ ನಡೆದಿದ್ದೆಲ್ಲ ಬಿಸಿಯ ಜೊತೆಗೆ.

1980ರಲ್ಲಿ ಬಂದ ಆಪಲ್ ತ್ರೀ ಕಂಪ್ಯೂಟರಿಗೆ ಫ್ಯಾನೇ ಬೇಡವೆಂದು ಸ್ಟೀವ್ ಜಾಬ್ಸ್ ಹಠ ಹಿಡಿದರು. ಯಂತ್ರ ಕಾದು ಕಾದು ಹೆಸರು ಕೆಡಿಸಿಕೊಂಡಿತು. ಮರುವರ್ಷದ ಐಬಿಎಂ ಪಿಸಿಯಲ್ಲಿ ಪವರ್ ಸಪ್ಲೈಗೆ ಫ್ಯಾನ್ ಇತ್ತು, ಪ್ರೊಸೆಸರಿಗೆ ಇನ್ನೂ ಬೇಕಿರಲಿಲ್ಲ. 1993ರಲ್ಲಿ ಪೆಂಟಿಯಮ್ ಬಂದ ಮೇಲೆ ಪ್ರೊಸೆಸರಿನ ತಲೆಯ ಮೇಲೂ ಒಂದು ಕೂತಿತು. 2003ರ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಎಂಬ ಗ್ರಾಫಿಕ್ಸ್ ಕಾರ್ಡಿನ ಗದ್ದಲವಂತೂ ಎಷ್ಟು ಕುಖ್ಯಾತವಾಯಿತೆಂದರೆ, ತಯಾರಿಸಿದ ಎನ್‌ವಿಡಿಯಾ ಕಂಪನಿಯೇ ಅದನ್ನು ಗೇಲಿ ಮಾಡಿ ವಿಡಿಯೊ ತೆಗೆಯಿತು.

ಬಿಡುಗಡೆ ಸಿಕ್ಕಿದ್ದು ಹಳೆಯ ಉಪಾಯವೊಂದರಿಂದ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಮಾಡಿ ತೋರಿಸಿದ ಹೀಟ್ ಪೈಪ್, ತಾಮ್ರದ ಕೊಳವೆಯ ರೂಪದಲ್ಲಿ ಕಂಪ್ಯೂಟರಿಗೆ ಬಂತು. ಒಳಗಿನ ತುಸು ನೀರು ಚಿಪ್ಪಿನ ಬಳಿ ಆವಿಯಾಗಿ, ಆಚೆ ತುದಿಯಲ್ಲಿ ತಣಿದು, ಬತ್ತಿಯಂಥ ಪದರದ ಮೂಲಕ ಮರಳುತ್ತದೆ. ಬಿಸಿಯನ್ನು ಅಗಲವಾದ ಲೋಹದ ಪಟ್ಟಿಗಳಿಗೆ ಹರಡಲು ಸಾಧ್ಯವಾದದ್ದರಿಂದ 80 ಮಿ.ಮೀ. ಫ್ಯಾನಿನ ಜಾಗಕ್ಕೆ 120 ಮಿ.ಮೀ. ಬಂತು. ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿಯೂ ಅಷ್ಟೇ ಗಾಳಿ ದಬ್ಬುತ್ತದೆ. 2014ರ ಹೊತ್ತಿಗೆ, ಕೆಲಸ ಹಗುರವಿದ್ದಾಗ ಫ್ಯಾನನ್ನೇ ನಿಲ್ಲಿಸುವ ಗ್ರಾಫಿಕ್ಸ್ ಕಾರ್ಡುಗಳೂ ಬಂದವು.

ನಿಧಾನದ ಲಾಭ ಎಷ್ಟು ದೊಡ್ಡದೆಂದು ಹೆಚ್ಚಿನವರಿಗೆ ಗೊತ್ತಿಲ್ಲ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ. ಅರ್ಧ ವೇಗದ ಎರಡು ಫ್ಯಾನ್ ಹಾಕಿದರೆ ಸದ್ದಿಗೆ 3 ಡೆಸಿಬಲ್ ಮತ್ತೆ ಸೇರುತ್ತದೆ. ಗಾಳಿ ಮೊದಲಿನಷ್ಟೇ, ಉಳಿತಾಯ 12 ಡೆಸಿಬಲ್. 10 ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ.

ಸದ್ದನ್ನು ಪೆಟ್ಟಿಗೆಯೊಳಗೇ ಕಟ್ಟಿಹಾಕುವ ದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಎಂ. ಎಲ್. ಮುಂಜಾಲ್ 1987ರಲ್ಲಿ ಪ್ರಕಟಿಸಿದ ಗ್ರಂಥ ನಾಳ ಮತ್ತು ಸೈಲೆನ್ಸರುಗಳ ಧ್ವನಿವಿಜ್ಞಾನಕ್ಕೆ ಜಗತ್ತಿನಾದ್ಯಂತ ಆಧಾರ. 2005ರ ಜನವರಿ 1ರ ನಂತರ ತಯಾರಾದ, 1000 ಕೆವಿಎವರೆಗಿನ ಡೀಸೆಲ್ ಜನರೇಟರುಗಳ ಸದ್ದು ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದೆಂದು ನಮ್ಮಲ್ಲಿ ಕಾನೂನೇ ಇದೆ. ಆ ಪೆಟ್ಟಿಗೆಗಳಲ್ಲಿ ಸದ್ದು ಹೀರುವ ಒಳಹೊದಿಕೆಯ ಜೊತೆಗೆ ಗಾಳಿ ಓಡಾಡಲು ದಾರಿಯೂ ಇರುತ್ತದೆ. ಕಂಪ್ಯೂಟರಿಗೆ ಫೋಮ್ ಅಂಟಿಸುವವರು ಈ ಎರಡನೆಯದನ್ನು ಮರೆಯುತ್ತಾರೆ. ಆಗ ಒಳಗೆ ಗಾಳಿ ಕಟ್ಟಿ ಫ್ಯಾನ್ ಇನ್ನೂ ಜೋರಾಗಿ ಕೂಗುತ್ತದೆ.

ಇಷ್ಟೆಲ್ಲ ಬೆಳವಣಿಗೆ ನಡೆದದ್ದು ಬಹುತೇಕ ತಂಪು ದೇಶಗಳ ಕೋಣೆಗಳಲ್ಲಿ. ರಾಣೇಬೆನ್ನೂರು ತಾಲೂಕಿನ ಕುಪ್ಪೇಲೂರಿನಲ್ಲಿ ಲೆಕ್ಕ ಬೇರೆಯೇ. ಚಿಪ್ 80 ಡಿಗ್ರಿ ದಾಟಬಾರದು ಎಂದಿಟ್ಟುಕೊಳ್ಳಿ. ಕೋಣೆ 22 ಡಿಗ್ರಿ ಇದ್ದರೆ ನಡುವೆ 58 ಡಿಗ್ರಿ ಅಂತರ ಸಿಗುತ್ತದೆ. ಏಪ್ರಿಲ್ ಮಧ್ಯಾಹ್ನ ಕೋಣೆ 38 ಮುಟ್ಟಿದರೆ ಉಳಿಯುವುದು 42. ಅದೇ ಬಿಸಿಯನ್ನು ಹೊರಹಾಕಲು ಕೂಲರಿನ ಸಾಮರ್ಥ್ಯ ಶೇ. 38ರಷ್ಟು ಹೆಚ್ಚಿರಬೇಕು. ತಂಪು ಕೋಣೆಯಲ್ಲಿ ಅಳೆದ ಡೆಸಿಬಲ್ ಅಂಕಿಯನ್ನು ನಂಬಿ ದುಬಾರಿ ಫ್ಯಾನ್ ಕೊಳ್ಳುವುದು ನನಗೆ ಸರಿ ಕಾಣದು.

ಮೊದಲು ಬಿಸಿ ಹುಟ್ಟುವುದನ್ನೇ ತಗ್ಗಿಸಬೇಕು. ಚಿಪ್ಪಿನ ವೋಲ್ಟೇಜ್ ಶೇ. 10ರಷ್ಟು ಇಳಿಸಿದರೆ, ವೇಗ ಹಾಗೇ ಇದ್ದರೂ, ಲೆಕ್ಕ ಮಾಡುವಾಗ ಅದು ಉಣ್ಣುವ ವಿದ್ಯುತ್ತು ಸುಮಾರು ಶೇ. 19ರಷ್ಟು ಇಳಿಯುತ್ತದೆ. ಇದಕ್ಕೆ ಉಚಿತ ತಂತ್ರಾಂಶ ಸಾಕು. ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುವುದಾದರೆ ಕಾರ್ಡು 140 ಚಿತ್ರ ಬಿಡಿಸಿ ಕಾಯುವುದೇಕೆ? ಆಟದ ಸೆಟ್ಟಿಂಗಿನಲ್ಲೇ ಮಿತಿ ಹಾಕಬಹುದು.

ಆಮೇಲೆ ದೂಳು. ಮೆಕ್ಕೆಜೋಳದ ರಾಶಿ, ಹತ್ತಿಯ ಎಳೆ ಇರುವ ಸೀಮೆಯಿದು. ಲೋಹದ ಪಟ್ಟಿಗಳ ಸಂದಿಯಲ್ಲಿ ದೂಳು ಮೆತ್ತನೆಯ ಹಾಸಾಗಿ ಕೂತರೆ ಎಂಥ ಫ್ಯಾನೂ ಸೋಲುತ್ತದೆ. ಸುಗ್ಗಿ ಮುಗಿದ ಮೇಲೆ ಪೆಟ್ಟಿಗೆ ಬಿಚ್ಚಿ, ಮೆದು ಬ್ರಷ್ಷಿನಿಂದ ಹಾಸು ಬಿಡಿಸಿ, ಬ್ಲೋವರ್ ಹಿಡಿಯಬೇಕು. ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ನಿಲ್ಲಿಸಿರಬೇಕು. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗಿಗೆ ಪೆಟ್ಟು ಬೀಳುತ್ತದೆ, ಆಮೇಲಿನ ಗರಗರ ಸದ್ದಿಗೆ ಹೊಸ ಫ್ಯಾನೇ ಬೇಕಾಗುತ್ತದೆ.