ಗರಿ ಕಿರೀಟ ಯಾರದ್ದು?

ನವೆಂಬರ್ ಬಂದ್ರೆ ಅಮೆರಿಕದ ಪುಟಾಣಿಗಳು ಕಾಗದದ ಮೇಲೆ ಅಂಗೈ ಇಟ್ಟು ಗೆರೆ ಎಳೆದು ಟರ್ಕಿ ಕೋಳಿ ಬಿಡಿಸ್ತಾರೆ. ಹೆಬ್ಬೆರಳು ತಲೆ, ಉಳಿದ ಬೆರಳು ಗರಿ. ಚೆಂದ! ಆದ್ರೆ ಥ್ಯಾಂಕ್ಸ್‌ಗಿವಿಂಗ್‌ಗೆ ಅಂತ ಕಾಗದದ ಗರಿ ಕಿರೀಟಾನೂ ಮಾಡಿಸ್ತಾರಲ್ಲ, ತೊಂದರೆ ಅಲ್ಲೇ ಇದೆ.

1621ರಲ್ಲಿ ಪ್ಲಿಮತ್‌ನ ಇಂಗ್ಲಿಷ್ ವಲಸಿಗರ ಸುಗ್ಗಿಯೂಟಕ್ಕೆ ವಾಂಪನೋಗ್ ನಾಯಕ ಮ್ಯಾಸಸಾಯ್ಟ್ ಸುಮಾರು 90 ಜನರ ಜೊತೆ ಬಂದಿದ್ದ. ಐದು ಜಿಂಕೆ ಬೇಟೆಯಾಡಿ ತಂದವರೂ ಅವರೇ. ಆದ್ರೆ ಆ ದೊಡ್ಡ ಗರಿ ಕಿರೀಟ ಅವರದ್ದಲ್ಲ. ದೂರದ ಹುಲ್ಲುಗಾವಲು ನಾಡಿನ ಲಕೋಟಾದಂಥ ಜನಾಂಗಗಳದ್ದು.

ಮುಂದೆ ವಾಂಪನೋಗರ ನೆಲವೇ ಕೈತಪ್ಪಿತು. 1970ರಿಂದ ಮೂಲನಿವಾಸಿಗಳು ಥ್ಯಾಂಕ್ಸ್‌ಗಿವಿಂಗ್ ದಿನ ಪ್ಲಿಮತ್‌ನಲ್ಲಿ ಸೇರಿ ಶೋಕ ಆಚರಿಸ್ತಾರೆ.

ಮಕ್ಕಳ ಜೊತೆ ಏನಾದ್ರೂ ಮಾಡ್ಬೇಕಾ? ಮೆಕ್ಕೆಜೋಳದ ತೆನೆ ಬರೆದು, ನಿಜವಾದ ಕಾಳು ಅಂಟಿಸಿ. ಅದನ್ನ ಬೆಳೆಯೋಕೆ ವಲಸಿಗರಿಗೆ ಕಲಿಸಿದವನು ಟಿಸ್ಕ್ವಾಂಟಮ್. ಆ ಹೆಸರನ್ನೂ ಹೇಳಿಕೊಡಿ.